ಅಪ್‌ಡೇಟ್: 395 ಹೆದ್ದಾರಿ, ಕಡಿಮೆ ಖರ್ಚಿನ ಕ್ಯಾಂಪಿಂಗ್

ಕ್ಯಾಲಿಫೋರ್ನಿಯಾದ 395 ಹೆದ್ದಾರಿಯಲ್ಲಿ ಉಚಿತವಾಗಿ ಟೆಂಟ್ ಹಾಕುವ ಜಾಗ ಹುಡುಕಲು ಗೈಡ್‌ಬುಕ್ ಬೇಕಾ, ಆ್ಯಪ್ ಸಾಕಾ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಗೈಡ್‌ಬುಕ್ ಜೊತೆಗಿರಲಿ. ಬೆಟ್ಟದ ಕಡೆ ಸಿಗ್ನಲ್ ಹೋದಾಗ ಅದೇ ಗತಿ. ಆದರೆ ಎಷ್ಟು ಹಳೆಯದು ಅಂತ ಮೊದಲು ನೋಡಿ. ಲೋನ್ ಪೈನ್ ಊರಿನ ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ ಎಲ್ಲಿ ಬೇಕಾದರೂ ಉಳಿಯಬಹುದು ಎನ್ನುತ್ತಿತ್ತು ನಮ್ಮ ಸೆಕೆಂಡ್‌ಹ್ಯಾಂಡ್ ಪ್ರತಿ. ಈಗ ಹಾಗಿಲ್ಲ. ಗುರುತು ಮಾಡಿದ ಜಾಗದಲ್ಲೇ ಉಳಿಯಬೇಕು, ಪರ್ಮಿಟ್ ಬೇಕು. ಪರ್ಮಿಟ್‌ಗೆ ದುಡ್ಡಿಲ್ಲ. ಅಲ್ಲಿ ನಲ್ಲಿ ನೀರು ಇಲ್ಲ, ಊರಲ್ಲೇ ತುಂಬಿಸಿಕೊಳ್ಳಿ. ಕ್ಯಾಂಪ್ ಸ್ಟವ್ ಹಚ್ಚಲೂ ರಾಜ್ಯದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಅದೂ ಉಚಿತ. ಬರೀ ಉಪ್ಪಿಟ್ಟಿಗೂ ಪರ್ಮಿಟ್ಟಾ ಅಂತ ಅಮ್ಮ ನಕ್ಕರು!

ನ್ಯಾಷನಲ್ ಫಾರೆಸ್ಟ್ ಒಳಗಿನ ಮಣ್ಣು ರಸ್ತೆಗಳಿಗೆ ಫಾರೆಸ್ಟ್ ಸರ್ವಿಸ್‌ನವರ ವಾಹನ ನಕ್ಷೆಯೇ ಬೆಸ್ಟ್. ಪುಕ್ಕಟೆ ಸಿಗುತ್ತದೆ. ಯಾವ ರಸ್ತೆಗೆ ಗಾಡಿ ಬಿಡುತ್ತಾರೆ ಅನ್ನೋದು ಅದರಲ್ಲಿದೆ.

ಇನ್ನೊಂದು, ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಗ್ರೀನ್ ಕಾರ್ಡ್ ಇದೆ, 62 ದಾಟಿದೆ. ಅಮೆರಿಕ ಸರ್ಕಾರದ ಪಾರ್ಕು, ಕಾಡುಗಳಿಗೆ ಹಿರಿಯರಿಗೆ ಕೊಡುವ ಸೀನಿಯರ್ ಪಾಸ್ ವರ್ಷಕ್ಕೆ 20 ಡಾಲರ್. ಅದರಿಂದ ಟಟಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಶುಲ್ಕ ಅರ್ಧಕ್ಕಿಳಿಯಿತು. ವಿಸಿಟರ್ ವೀಸಾದಲ್ಲಿ ಬಂದ ಹಿರಿಯರಿಗೆ ಈ ಪಾಸ್ ಸಿಗಲ್ಲ, ಅಷ್ಟೇ.