ಸುಬ್ಬುವಿನ ಸೈಟ್ ಸೀಯಿಂಗ್

"ಸುಬ್ಬು, ಇನ್ನೊಂದು ಸಲ ಗಾಡಿ ನಿಲ್ಲಿಸಿದ್ರೆ ನಾನು ಕೆಂಪು ಬಸ್ಸು ಹತ್ತಿ ಹೋಗ್ತೀನಿ."

ಇದನ್ನು ನಾನು ಹೇಳಿದ್ದು ತಿಪಟೂರಿನ ಹತ್ತಿರ. ಬೆಂಗಳೂರಿನಿಂದ ಸಿಗಂದೂರಿಗೆ ಹೊರಟಿದ್ದೆವು. ಆಗಲೇ ಮೂರು ಕಡೆ ಇಳಿದು ನೋಡಿ ಆಗಿತ್ತು. ದೇವಸ್ಥಾನ ಅಲ್ಲ, ಕೆರೆ ಅಲ್ಲ. ಒಂದು ಫ್ಲೈಓವರ್ ಕಂಬ, ಒಂದು ಮೋರಿ, ಇನ್ನೊಂದು ಬರೀ ಗುಂಡಿ. ಜೆಸಿಬಿ ಮಣ್ಣು ಅಗೆಯೋದನ್ನ ಜನ ಮೊಬೈಲಲ್ಲಿ ಗಂಟೆಗಟ್ಟಲೆ ನೋಡ್ತಾರಲ್ಲ, ನಮ್ಮ ಸುಬ್ಬುಗೆ ಅಷ್ಟು ಸಾಲದು, ಗುಂಡಿ ಪಕ್ಕ ನಿಂತು ಸೆಲ್ಫಿನೂ ಬೇಕು. "ಸೈಟ್ ನೋಡೋಕೆ ಹೋಗ್ತೀವಿ" ಅಂದಿದ್ದಕ್ಕೆ ಅವನ ಹೆಂಡತಿ ಖುಷಿಯಾಗಿ ಚಿತ್ರಾನ್ನ ಕಟ್ಟಿಕೊಟ್ಟಿದ್ದರು, ಪಾಪ, ಕೊಳ್ಳೋ ಸೈಟ್ ಅಂದುಕೊಂಡು.

"ಅದು ಗುಂಡಿ ಅಲ್ಲ ಮಾರಾಯ, ಫೌಂಡೇಶನ್" ಅಂದ ಸುಬ್ಬು.

"ನಮ್ಮ ಬೀದೀಲೂ ನಾಲ್ಕು ಫೌಂಡೇಶನ್ ಇದೆ. ಪ್ರತಿ ಮಳೆಗೂ ಒಂದು ಸ್ಕೂಟರ್ ಇಳಿಯುತ್ತೆ."

ಕಡೂರು ದಾಟಿ ಮತ್ತೆ ನಿಂತೆವು. ಹೊಸ ಕಂಬಕ್ಕೆ ಗೋಣಿಚೀಲ ಸುತ್ತಿದ್ದರು. ಒಬ್ಬ ಹುಡುಗ ಪೈಪ್ ಹಿಡಿದು ನೀರು ಬಿಡುತ್ತಿದ್ದ. ಬುಡದಲ್ಲಿ ಬೂದು ಬಣ್ಣದ ಕೆಸರು, ಅದರಲ್ಲಿ ಒಂದು ನಾಯಿ ತಣ್ಣಗೆ ಮಲಗಿತ್ತು.

"ಒಣಗಲಿ ಅಂತ ಬಿಡ್ಬೇಕಲ್ವಾ?" ಅಂತ ಶೀನ ಕೇಳಿದ. ಕೇಳಬಾರದಿತ್ತು.

"ಕಾಂಕ್ರೀಟ್ ಒಣಗಿ ಗಟ್ಟಿಯಾಗಲ್ಲ ಕಣೋ, ಸಿಮೆಂಟ್ ನೀರು ಕುಡಿದು ಗಟ್ಟಿಯಾಗೋದು. ಕಡಿಮೆ ಅಂದ್ರೂ 7 ದಿನ ಹೀಗೆ ನೀರು ಕುಡಿಸ್ಬೇಕು, ಅದಕ್ಕೇ ಕ್ಯೂರಿಂಗ್ ಅನ್ನೋದು. 28ನೇ ದಿನ ಅದೇ ಕಾಂಕ್ರೀಟಿನ ಕ್ಯೂಬ್ ಒಡೆದು ಎಷ್ಟು ಗಟ್ಟಿ ಅಂತ ನೋಡ್ತಾರೆ."

"ನಮ್ಮ ಗುಂಡನೂ ಕುಡಿದ್ರೇ ಗಟ್ಟಿಯಾಗೋದು. 28 ದಿನ ಬೇಡ, ಒಂದು ಕ್ವಾರ್ಟರ್ ಸಾಕು" ಅಂದೆ.

ಹಿಂದಿನ ಸೀಟಲ್ಲಿ ಮಲಗಿದ್ದ ಗುಂಡ ತಟ್ಟನೆ ಎದ್ದು, "ಎಲ್ಲಿ, ಎಲ್ಲಿ?" ಅಂದ.

ಸಾಗರ ದಾಟಿ ಅಂಬಾರಗೋಡ್ಲಿಗೆ ಬಂದಾಗ ಸಂಜೆ. ಮುಂದೆ ಶರಾವತಿ ಹಿನ್ನೀರು, ಅದರ ಮೇಲೆ 2025ರ ಜುಲೈಯಲ್ಲಿ ಶುರುವಾದ ಕೇಬಲ್ ಸೇತುವೆ. 2.44 ಕಿಲೋಮೀಟರ್. ಸುಬ್ಬು ಕುಣೀತಾನೆ ಅಂದುಕೊಂಡೆ. ಅವನು ಸಪ್ಪೆ ಮುಖ ಮಾಡಿಕೊಂಡು, "ಚೆನ್ನಾಗಿದೆ. ಆದ್ರೆ ಮುಗಿದುಹೋಗಿದೆಯಲ್ಲೋ" ಅಂದ.

ಮುಗಿದದ್ದು ಅದೊಂದೇ ಅಲ್ಲ. ಮೊದಲು ಇಲ್ಲಿ ಲಾಂಚಿಗೆ ಕಾಯಬೇಕಿತ್ತು. ಕಾರು ಸಾಲಲ್ಲಿ ನಿಲ್ಲಿಸಿ, ಕಡಲೆಕಾಯಿ ತಿಂದು, ಲಾಂಚಿನವರನ್ನು ಬೈದು, ಆಮೇಲೆ ಹತ್ತೋದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮಜ್ಜಿ ಮನೆಯೂ ಕೆಳಗೆ ಹೋಯಿತು. ಲಾಂಚಿನಲ್ಲಿ ಅಜ್ಜಿ ಕಂಬಿ ಹಿಡಿದು ನಿಂತು, "ಇಲ್ಲೇ ಎಲ್ಲೋ ನಮ್ಮ ಬಾವಿ" ಅನ್ನುತ್ತಿದ್ದಳು. ನೀರೊಳಗೆ ಬಾವಿ ಹುಡುಕ್ತಾಳಲ್ಲ ಅಂತ ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಲಾಂಚ್ ನಿಧಾನ. ಹುಡುಕೋಕೆ ಟೈಮ್ ಇರುತ್ತಿತ್ತು.

ಸೇತುವೆ ಅರ್ಧ ಆಗಲೇ ದಾಟಿತ್ತು.

"ಸುಬ್ಬು, ಒಂಚೂರು ನಿಲ್ಲಿಸೋ" ಅಂದೆ.

"ಇಲ್ಲಿ ಏನೂ ಕೆಲಸ ನಡೀತಿಲ್ವಲ್ಲೋ!" ಅಂದ. ಆದರೂ ಗೇರ್ ಇಳಿಸಿ ನಿಧಾನ ಮಾಡಿದ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.