ಒಮ್ಮೆ ಬಿಟ್ಟ ಲ್ಯಾಟಿಮೋರ್‌ರನ್ನು ಮತ್ತೆ ಯಾಕೆ ಹಿಡಿದರು?

ಕೋಥ್ರೂಡ್ ಸೊಸೆ:
ಪುಣೆಯ ನಮ್ಮ ಕನ್ನಡ ಓದುಕೂಟದಲ್ಲಿ ಬರುವ ಭಾನುವಾರ ನಾನು ಹತ್ತು ನಿಮಿಷ ಮಾತಾಡಬೇಕು. ವಿಷಯ, ಅಮೆರಿಕ ಸರ್ಕಾರದ ಸಲಹೆಗಾರರಲ್ಲಿ ಕಮ್ಯುನಿಸ್ಟರನ್ನು ಹುಡುಕಿದ ವಿಚಾರಣೆಗಳು. ಓವೆನ್ ಲ್ಯಾಟಿಮೋರ್ ಹತ್ತಿರ ಬಂದು ಸಿಕ್ಕಿಬಿದ್ದಿದ್ದೇನೆ. ಚೀನಾ, ಮಂಗೋಲಿಯಾ ಚೆನ್ನಾಗಿ ಬಲ್ಲ ಪ್ರೊಫೆಸರ್. 1941ರಲ್ಲಿ ರೂಸ್‌ವೆಲ್ಟ್ ಇವರನ್ನು ಚೀನಾದ ನಾಯಕ ಚಿಯಾಂಗ್ ಕೈ-ಶೇಕ್‌ಗೆ ಸಲಹೆಗಾರರಾಗಿ ಕಳಿಸಿದ್ದರು. 1950ರಲ್ಲಿ ಸೆನೆಟರ್ ಮೆಕಾರ್ಥಿ, ರಷ್ಯಾದ ದೊಡ್ಡ ಗೂಢಚಾರ ಇವರೇ ಅಂದರು. ಸೆನೆಟಿನ ಟೈಡಿಂಗ್ಸ್ ಸಮಿತಿ ವಿಚಾರಿಸಿ, ಮೆಕಾರ್ಥಿಯ ಆರೋಪಗಳೇ ಮೋಸ ಎಂದು ಅದೇ ಜುಲೈಯಲ್ಲಿ ವರದಿ ಕೊಟ್ಟಿತು. ಮುಗೀತಲ್ವಾ? ಆದರೆ 1952ರಲ್ಲಿ ಇನ್ನೊಂದು ಸೆನೆಟ್ ಸಮಿತಿ ಹನ್ನೆರಡು ದಿನ ಕೂರಿಸಿ ಕೇಳಿತು. ಡಿಸೆಂಬರಿನಲ್ಲಿ ಸುಳ್ಳು ಸಾಕ್ಷಿಯ ಕೇಸು! ಬೆಂಕಿ ಇಲ್ಲದೆ ಹೊಗೆ ಬರಲ್ಲ ಅಂತಾರೆ ನಮ್ಮ ಮಾವ. ಏನು ಉತ್ತರ ಕೊಡಲಿ?

ಹಳೇ ಸ್ಟೆನೋ:
ತಂಗಿ, ಓದಿದ್ದಕ್ಕಿಂತ ಬರೆದುಕೊಂಡದ್ದು ಜಾಸ್ತಿ ನಾನು. ಇಲ್ಲೇ ಪುಣೆಯ ಒಂದು ಕಚೇರಿಯಲ್ಲಿ ಸ್ಟೆನೋ ಆಗಿದ್ದೆ. ಇಲಾಖಾ ವಿಚಾರಣೆ ನಡೆದಾಗಲೆಲ್ಲ ಮೂಲೆಯ ಕುರ್ಚಿ ನನ್ನದು. ಒಮ್ಮೆ ಒಬ್ಬ ಕ್ಲಾರ್ಕ್ ದುಡ್ಡು ತಿಂದ ಎಂಬ ದೂರು ಬಂತು. ದುಡ್ಡಿನ ಸುಳಿವೇ ಸಿಗಲಿಲ್ಲ. ಕೊನೆಗೆ, 'ಗುತ್ತಿಗೆದಾರನ ಜೊತೆ ಚಹಾ ಕುಡಿದದ್ದು ಯಾವತ್ತು?' ಅಂತ ಕೇಳಿದರು. ಆತ ಒಂದು ಮಂಗಳವಾರ ಹೇಳಿದ. ಸಾಹೇಬರು ಮಸ್ಟರ್ ತೆಗೆದರು. ಅವತ್ತು ಆತ ರಜೆಯಲ್ಲಿದ್ದ! ಇನ್‌ಕ್ರಿಮೆಂಟ್ ನಿಂತದ್ದು ದುಡ್ಡಿಗಲ್ಲ, ಮಂಗಳವಾರಕ್ಕೆ.

ಲ್ಯಾಟಿಮೋರ್‌ಗೂ ಹೀಗೇ ಆಯಿತು. ಅವರು ಏಷ್ಯಾ-ಪೆಸಿಫಿಕ್ ದೇಶಗಳ ಅಧ್ಯಯನ ನಡೆಸುತ್ತಿದ್ದ ಪೆಸಿಫಿಕ್ ರಿಲೇಷನ್ಸ್ ಸಂಸ್ಥೆಯ ಪತ್ರಿಕೆಗೆ ಸಂಪಾದಕರಾಗಿದ್ದವರು. ಸಂಸ್ಥೆಯ ಹಳೇ ಕಾಗದಗಳು ಮ್ಯಾಸಚೂಸೆಟ್ಸ್‌ನ ಒಂದು ಹೊಲದ ಕೊಟ್ಟಿಗೆಯಲ್ಲಿದ್ದವು. 1951ರ ಫೆಬ್ರವರಿಯಲ್ಲಿ ಆ ಇನ್ನೊಂದು ಸೆನೆಟ್ ಸಮಿತಿ, ಅಂದರೆ ಮೆಕ್ಯಾರನ್ ಸಮಿತಿ, ಅವನ್ನು ಎತ್ತಿಕೊಂಡು ಹೋಯಿತು. ಕಾಗದ ಇವರ ಕೈಯಲ್ಲಿ, ನೆನಪು ಆತನ ತಲೆಯಲ್ಲಿ. 'ಸೋವಿಯತ್ ರಾಯಭಾರಿಯ ಜೊತೆ ಊಟ ಮಾಡಿದ್ದು ಹಿಟ್ಲರ್ ರಷ್ಯಾ ಮೇಲೆ ಬೀಳುವ ಮೊದಲೋ, ಆಮೇಲೋ?' ಆಮೇಲೆ ಅಂದರು. ಊಟ ಆಗಿದ್ದು ಮೊದಲು. ಆಗಿನ್ನೂ ಸ್ಟಾಲಿನ್-ಹಿಟ್ಲರ್ ಒಪ್ಪಂದ ಇತ್ತಲ್ಲ, ಅದಕ್ಕೇ ಆ ಊಟಕ್ಕೆ ಅಷ್ಟು ಬೆಲೆ. ಹತ್ತು ವರ್ಷದ ಹಿಂದಿನ ಊಟ!

ಏಳು ಆರೋಪ ಹೊರಿಸಿದರು. ಗೂಢಚಾರಿಕೆ ಅವುಗಳಲ್ಲಿ ಇಲ್ಲವೇ ಇಲ್ಲ. ಮೊದಲನೆಯದು, ತಾನು ಕಮ್ಯುನಿಸಂ ಪರ ಒಲವಿದ್ದವನಲ್ಲ ಎಂದು ಹೇಳಿದ್ದು ಸುಳ್ಳು ಅಂತ. ಒಲವು ಅಂದರೆ ಏನು, ಎಷ್ಟು, ಯಾರ ಅಳತೆಯಲ್ಲಿ? ನ್ಯಾಯಾಧೀಶ ಯಂಗ್‌ಡಾಲ್ ಅದು ತೀರಾ ಅಸ್ಪಷ್ಟ ಎಂದು 1953ರಲ್ಲಿ ತೆಗೆದುಹಾಕಿದರು. ಸರ್ಕಾರ ಮೇಲ್ಮನವಿ, ಹೊಸ ಆರೋಪಪಟ್ಟಿ ಎಲ್ಲ ಮಾಡಿ ನೋಡಿ, 1955ರಲ್ಲಿ ಕೈಬಿಟ್ಟಿತು. ಮುಂದೆ ಆತ ಇಂಗ್ಲೆಂಡಿನ ಲೀಡ್ಸ್‌ಗೆ ಪಾಠ ಮಾಡಲು ಹೋದರು.

ಡೆಕ್ಕನ್ ಕ್ವೀನ್ ಪಾಸ್:
ಸ್ಟೆನೋ ಸರ್, ಚಹಾ ಕಥೆ ಚೆನ್ನಾಗಿದೆ. ಆದರೆ ಎಲ್ಲರೂ ಮಂಗಳವಾರದವರಲ್ಲ. ಸೋವಿಯತ್ ಗುಪ್ತ ತಂತಿಗಳನ್ನು ಬಿಡಿಸಿದ ವೆನೋನಾ ಕಡತಗಳು 1995ರಲ್ಲಿ ಹೊರಬಂದವು. ಸರ್ಕಾರದ ಒಳಗಿನವರು ಕೆಲವರು ನಿಜವಾಗಿಯೂ ಮಾಹಿತಿ ದಾಟಿಸಿದ್ದರು ಅಂತ ಅವುಗಳಿಂದ ಗೊತ್ತಾಯಿತು. ಮೇಡಂ, ಇದನ್ನು ಬಿಟ್ಟರೆ ನಿಮ್ಮ ಮಾವನವರು ಅಲ್ಲೇ ಹಿಡಿಯುತ್ತಾರೆ. ಇನ್ನೊಂದು, ರಷ್ಯಾ ಪರ ಗೂಢಚಾರಿಕೆಯ ಆರೋಪ ಹೊತ್ತ ಮಾಜಿ ಅಧಿಕಾರಿ ಆಲ್ಜರ್ ಹಿಸ್‌ರನ್ನು 1948ರಲ್ಲಿ ಕೇಳಿದ್ದು ಕೆಳಮನೆಯ ಸಮಿತಿ. ಅದನ್ನು ಮೆಕಾರ್ಥಿ ಲೆಕ್ಕಕ್ಕೆ ಬರೆಯಬೇಡಿ. ಅವರು ಸೆನೆಟಿನವರು. ಲೋಣಾವಳ ಬಂತು, ಸಿಗ್ನಲ್ ಹೋಗುತ್ತೆ.

ಕೋಥ್ರೂಡ್ ಸೊಸೆ:
ಇಬ್ಬರಿಗೂ ಥ್ಯಾಂಕ್ಸ್. ಹಿಸ್ ತಪ್ಪು ನನ್ನ ಟಿಪ್ಪಣಿಯಲ್ಲಿ ಇತ್ತು, ತಿದ್ದಿದೆ. ಇವತ್ತು ಚಹಾ ಕೊಡುವಾಗ ಸುಮ್ನೆ ಮಾವನನ್ನು ಕೇಳಿದೆ, ನೀವು ವಿಜಯಪುರ ಬಿಟ್ಟು ಪುಣೆಗೆ ಬಂದದ್ದು ತುರ್ತು ಪರಿಸ್ಥಿತಿಗೆ ಮೊದಲೋ, ಆಮೇಲೋ ಅಂತ. 'ಮೊದಲೇ, ಖಾತ್ರಿ' ಅಂದರು. ಅಡುಗೆಮನೆಯಿಂದ ಅತ್ತೆ, 'ಆಮೇಲೆ' ಅಂದರು. ಆಗಿನಿಂದ ಮಾವ ಹಳೇ ರೇಷನ್ ಕಾರ್ಡ್ ಹುಡುಕುತ್ತಾ ಇದ್ದಾರೆ.