ಲಾನ್ ತೆಗೆದರೆ ಆ ಜಾಗಕ್ಕೆ ಏನು ಹಾಕಬಹುದು?

ಹೊಸಮನೆ30×40
ನಮಸ್ಕಾರ. ಮನೆ ಮುಂದೆ 10×20 ಅಡಿ ಜಾಗ ಇದೆ. ಗೃಹಪ್ರವೇಶಕ್ಕೆ ಚೆಂದ ಕಾಣಲಿ ಅಂತ ಲಾನ್ ಹಾಕಿಸಿದ್ದೆವು. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಹಳೇ ಚಾಪೆ ಥರ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯವರು ತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂದರಲ್ಲ, ಅವತ್ತೇ ಇದರ ಆಸೆ ಬಿಟ್ಟೆ. ನುಗ್ಗೆ, ಬಾಳೆ, ಸೊಪ್ಪು ಹಾಕೋಣ ಅಂತಿದ್ದೇನೆ. ಆದರೆ ಅಗೆದರೆ ಬರೀ ಜಲ್ಲಿ, ಗಾರೆ ಚೂರು. ಅತ್ತೆ ಬೇರೆ "ಮನೆ ಮುಂದೆ ಹಿತ್ತಲು ಮಾಡ್ತೀಯೇನೇ?" ಅಂತಾರೆ.

ಮಣ್ಣುಕೈ
ಗಿಡ ಆಮೇಲೆ. ಮಳೆ ನೀರು ಎಲ್ಲಿ ಹೋಗುತ್ತಿದೆ, ಮೊದಲು ಅದು ನೋಡಿ. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಮ್ಮಿ 970 ಮಿ.ಮೀ. ಮಳೆ. 1,000 ಚದರಡಿ ತಾರಸಿ ಮೇಲೆ ಸುಮಾರು 90 ಸಾವಿರ ಲೀಟರ್ ಬೀಳುತ್ತದೆ, ನಾವು ಅದನ್ನು ಮೋರಿಗೆ ಬಿಟ್ಟು ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತೇವೆ! ಸಂಪ್ ತುಂಬಿ ಮಿಕ್ಕಿದ್ದನ್ನು ತೋಟದ ತಗ್ಗಿಗೆ ತಿರುಗಿಸಿ, ಬಾಳೆ ಅಲ್ಲೇ ನೆಡಿ.

ಲಾನ್ ಕೀಳುವ ಕಷ್ಟ ಬೇಡ. ಹಳೇ ರಟ್ಟಿನ ಡಬ್ಬದ ಟೇಪ್ ಕಿತ್ತು, ಬಿಚ್ಚಿ, ಹುಲ್ಲಿನ ಮೇಲೆ ಒಂದರ ಮೇಲೊಂದು ಬರುವ ಹಾಗೆ ಹಾಸಿ, ಚೆನ್ನಾಗಿ ನೆನೆಸಿ, ಮೇಲೆ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಅರ್ಧ ಅಡಿ ತರಗೆಲೆ. ಬಿಸಿಲು ಸಿಗದೆ ಹುಲ್ಲು ಅಲ್ಲೇ ಕೊಳೆಯುತ್ತದೆ. ಗೋಡೆಯಿಂದ ಒಂದಡಿ ದೂರ ಇರಲಿ, ಗೆದ್ದಲಿನ ಭಯ. ಗರಿಕೆ ಇದ್ದರೆ ಮಾತ್ರ ಅದು ಯಾವುದಕ್ಕೂ ಬಗ್ಗಲ್ಲ, ಕೈಯಲ್ಲೇ ಕೀಳಬೇಕು.

ಜಯನಗರದಜ್ಜಿ
ನುಗ್ಗೆ ಗೇಟಿನ ಹತ್ತಿರ ಬೇಡ ಕಣಮ್ಮಾ. ಮಳೆ ಶುರುವಾದರೆ ಕಾಂಡದ ತುಂಬ ಕಂಬಳಿಹುಳ. ಗಾಳಿಗೆ ಕೊಂಬೆ ಲಟಕ್ ಅಂತ ಮುರಿಯುತ್ತದೆ, ನಮ್ಮದು ಪಕ್ಕದ ಮನೆಯವರ ಕಾರಿನ ಮೇಲೇ ಬಿತ್ತು. ಮೂಲೆಗೆ ಹಾಕಿ ಆಳೆತ್ತರಕ್ಕೆ ಕಡಿಯುತ್ತಿರು, ಸೊಪ್ಪಿಗಂತೂ ಮೋಸ ಇಲ್ಲ. ಮುಂದಿನ ಸಾಲಿಗೆ ದಾಸವಾಳ, ನಂದಿಬಟ್ಟಲು. ದೇವರಿಗೆ ಮನೆ ಹೂವು ಸಿಕ್ಕರೆ ಯಾವ ಅತ್ತೆ ಬೇಡ ಅಂತಾಳೆ? (ನಾನೂ ಅತ್ತೆಯೇ.) ಕಾಂಪೌಂಡಿಗೆ ಬಸಳೆ ಹಬ್ಬಿಸು, ಬಾಳೆ ಬುಡದ ನೆರಳಿಗೆ ಒಂದೆಲಗ.

ತಾರಸಿತೋಟ
ರಟ್ಟು ಸರಿ, ಆದರೆ ಗಾರೆ ಮಣ್ಣಿಗೆ ಅದೊಂದೇ ಸಾಲದು. ನಮ್ಮ ಕರಿಬೇವು ಎರಡು ವರ್ಷ ಹಳದಿಯಾಗೇ ಇತ್ತು. ಸಿಮೆಂಟಿನ ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮರ ನೆಡುವ ಕಡೆಯಾದರೂ ಎರಡಡಿ ಗುಂಡಿ ತೋಡಿ, ಚೂರೆಲ್ಲ ಆರಿಸಿ, ಕೆಮ್ಮಣ್ಣು, ಎರೆಗೊಬ್ಬರ ತುಂಬಿ. ಜುಲೈ-ಆಗಸ್ಟಿನಲ್ಲಿ ಅವರೆ ಬಿತ್ತಿ. ಬೇರಿನ ಗಂಟಲ್ಲಿ ಸಾರಜನಕ ಹಿಡಿದಿಡುತ್ತದೆ, ಚಳಿಗಾಲಕ್ಕೆ ಸೊಗಡಿನ ಕಾಯಿಯೂ ಸಿಗುತ್ತದೆ. ಒಣಗಿದ ಮೇಲೆ ಬುಡ ಕತ್ತರಿಸಿ, ಬೇರು ಮಣ್ಣಲ್ಲೇ ಇರಲಿ.

ವಾಷಿಂಗ್ ಮೆಷಿನ್ ನೀರು ಬಿಡುವ ಯೋಚನೆ ಇದ್ದರೆ ಕೊನೇ ಸಲ ಜಾಲಿಸಿದ್ದು ಮಾತ್ರ, ಅದೂ ಬಾಳೆಗೆ. ಸೋಪಿನ ಸೋಡಿಯಂ ಸೇರುತ್ತಾ ಹೋದರೆ ಮಣ್ಣು ಹೆಂಟೆ ಕಟ್ಟುತ್ತದೆ. ಸೊಪ್ಪಿಗೆ ಬೇಡವೇ ಬೇಡ.

ಹೊಸಮನೆ30×40
ನಿನ್ನೆ ಮಳೆಯಲ್ಲಿ ಕೊಡೆ ಹಿಡಿದು ನೋಡಿದೆ, ತಾರಸಿ ಪೈಪು ಸೀದಾ ಮೋರಿಗೆ! ಪ್ಲಂಬರ್‌ಗೆ ಹೇಳಿದ್ದೇನೆ. ಅತ್ತೆ ದಾಸವಾಳಕ್ಕೆ ಒಪ್ಪಿದರು, ಬಿಳಿಯದೇ ಬೇಕಂತೆ. ಅಂಗಡಿಯಿಂದ ಹನ್ನೊಂದು ರಟ್ಟಿನ ಡಬ್ಬ ತಂದಿದ್ದೇನೆ, 200 ಚದರಡಿಗೆ ಸಾಕಾಗುತ್ತಾ?